ಅಳತೆಯಿಲ್ಲದ ಔಷಧ

ಔಷಧವೆಂದು ಕೊಟ್ಟುದೇ ವಿಷವಾಗಿ ಪರಿಣಮಿಸಿದರೆ ಅಪರಾಧಿ ಯಾರು? ಬರೆದುಕೊಟ್ಟ ವೈದ್ಯನೋ, ಮಾರಿದ ಅಂಗಡಿಯವನೋ, ನುಂಗಿದ ರೋಗಿಯೋ? ಮೂವರೂ ತಂತಮ್ಮ ಕರ್ತವ್ಯವನ್ನು ಲೋಪವಿಲ್ಲದೆ ನಡೆಸಿದಾಗಲೂ ಇಂತಹ ಅನರ್ಥವು ಸಂಭವಿಸಬಹುದೆಂಬುದಕ್ಕೆ 1968ನೆಯ ಇಸವಿಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ನಡೆದ ಸಂಗತಿಯೇ ಸಾಕ್ಷಿ. ಅದನ್ನು ನಮ್ಮ ವಾಚಕರ, ವಿಶೇಷವಾಗಿ ಆರೋಗ್ಯ ಇಲಾಖೆಯ ಅಧಿಕಾರಿಗಳ, ಗಮನಕ್ಕೆ ತರುವುದು ಯುಕ್ತವೆಂದು ಭಾವಿಸಿದ್ದೇವೆ.

ಅಪಸ್ಮಾರಕ್ಕೆ, ಎಂದರೆ ನಮ್ಮ ಜನರು ಮೂರ್ಛೆರೋಗವೆನ್ನುವ ವ್ಯಾಧಿಗೆ, ಫೆನಿಟಾಯಿನ್ ಎಂಬ ಔಷಧವನ್ನು ಕೊಡುವುದುಂಟು. ಸೆಳವನ್ನು ತಡೆಯುವ ಇದರ ಗುಣವನ್ನು 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಎಂಬ ವೈದ್ಯರು ಲೋಕಕ್ಕೆ ತಿಳಿಸಿದರು. ಬೆಲೆ ಅಗ್ಗ, ಗುಣ ನಿಶ್ಚಿತ. ಆದುದರಿಂದಲೇ ಎಂಬತ್ತು ವರ್ಷಗಳು ಕಳೆದ ಮೇಲೂ ಅದು ಬಳಕೆಯಲ್ಲಿದೆ. ಬ್ರಿಸ್ಬೇನಿನ ಅನೇಕ ರೋಗಿಗಳು ಇದನ್ನು ಸೇವಿಸಿಕೊಂಡು ನೆಮ್ಮದಿಯಾಗಿದ್ದರು. ಆ ವರ್ಷ ಅವರಲ್ಲಿ ಒಬ್ಬರಾದ ಮೇಲೊಬ್ಬರು ತೂರಾಡತೊಡಗಿದರು, ಮಾತು ತೊದಲಿತು, ಕಣ್ಣುಗುಡ್ಡೆಗಳು ಅದುರಿದವು. ಔಷಧದ ಪ್ರಮಾಣವಾದರೋ ಮೊದಲಿನಷ್ಟೇ ಇದ್ದಿತು.

ರಕ್ತವನ್ನು ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಫೆನಿಟಾಯಿನ್ ಮಿತಿಮೀರಿರುವುದು ಕಂಡುಬಂದಿತು. ಶೋಧಿಸುತ್ತ ಹೋದಂತೆ ಮೂಲವೂ ಸಿಕ್ಕಿತು. ಕ್ಯಾಪ್ಸೂಲಿನೊಳಗೆ ಔಷಧದೊಡನೆ ಗಾತ್ರಕ್ಕಾಗಿ ತುಂಬುವ ನಿರುಪದ್ರವಿಯಾದ ಪುಡಿಯೊಂದುಂಟು. ತಯಾರಕರು ಅದನ್ನು ಬದಲಾಯಿಸಿದ್ದರು. ಹಿಂದೆ ಇದ್ದುದು ಕ್ಯಾಲ್ಸಿಯಂ ಸಲ್ಫೇಟು. ಅನಂತರ ಬಂದುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸು. ಹಿಂದಿನ ಪುಡಿಯೊಡನೆ ಔಷಧದ ಒಂದು ಪಾಲು ರಕ್ತವನ್ನು ಸೇರದೆಯೇ ಹೋಗುತ್ತಿದ್ದಿತು. ಹೊಸ ಪುಡಿಯೊಡನೆ ಆ ಪಾಲೂ ರಕ್ತವನ್ನು ಸೇರಿತು. ಡಬ್ಬಿಯ ಮೇಲೆ ಅಚ್ಚಾದ ತೂಕ ಒಂದೇ. ರೋಗಿಯ ರಕ್ತಕ್ಕೆ ಬಂದ ತೂಕ ಬೇರೆ. ರಕ್ತವನ್ನು ಅಳೆಯುವ ಪ್ರಯೋಗಶಾಲೆಯು ಆ ಊರಿನಲ್ಲಿ ಇಲ್ಲದಿದ್ದರೆ ರೋಗಿಗಳಿಗೆ ಹೊಸದೊಂದು ಮೆದುಳಿನ ರೋಗ ಬಂದಿತೆಂದೇ ಜನರು ತಿಳಿಯುತ್ತಿದ್ದರೇನೋ.

ಇಷ್ಟು ಅಲ್ಪವಾದ ವ್ಯತ್ಯಾಸದಿಂದ ಅಷ್ಟು ಹಾನಿಯೇಕೆ ಎಂದು ವಾಚಕರು ಕೇಳಬಹುದು. ನಮ್ಮ ಊರ ಕೆರೆಯನ್ನು ನೆನೆದರೆ ಉತ್ತರ ದೊರೆಯುವುದು. ತೂಬಿನಿಂದ ದಿನಕ್ಕೆ ಇಷ್ಟೇ ನೀರು ಹೊರಡಬಹುದೆಂಬ ಮಿತಿಯುಂಟು. ಒಳಹರಿವು ಆ ಮಿತಿಯನ್ನು ಸಮೀಪಿಸಿದ ಮೇಲೆ ಸಣ್ಣದೊಂದು ಕಾಲುವೆ ಬಂದು ಕೂಡಿದರೂ ಸಾಕು, ನೀರು ದಿನೇ ದಿನೇ ಏರಿ ಏರಿಯ ಅಂಚನ್ನು ಮುಟ್ಟುವುದು. ಫೆನಿಟಾಯಿನನ್ನು ದೇಹದಿಂದ ಕಳೆಯುವ ತೂಬು ನಮ್ಮ ಯಕೃತ್ತು. ಅದರ ಶಕ್ತಿ ಮುಗಿಯುತ್ತ ಬಂದಾಗ ಔಷಧವನ್ನು ಕಾಲುಪಾಲು ಹೆಚ್ಚಿಸಿದರೂ ರಕ್ತದಲ್ಲಿ ಅದು ಇಮ್ಮಡಿಗೂ ಮೀರಿ ಸಂಚಯವಾಗಬಹುದು. ಒಂದು ಮಿಲಿಲೀಟರು ರಕ್ತದ್ರವದಲ್ಲಿ 10ರಿಂದ 20 ಮೈಕ್ರೊಗ್ರಾಂ ಇದ್ದರೆ ಸಾಮಾನ್ಯವಾಗಿ ಹಿತ. ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. 20 ದಾಟಿದರೆ ಕಣ್ಣು ಅದುರುವುದು, 30 ದಾಟಿದರೆ ನಡಿಗೆ ತಪ್ಪುವುದು, 40 ದಾಟಿದರೆ ಬುದ್ಧಿ ಮಂಕಾಗುವುದು.

ಮತ್ತೊಂದು ವಿಚಾರವುಂಟು. ಈ ತೂಬು ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲ. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್ ಅದನ್ನು ಕಿರಿದುಮಾಡುವುದು. ಅದೇ ರೋಗಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಹಿರಿದುಮಾಡುವುದು. ಎರಡು ರೋಗಗಳೂ ಒಬ್ಬನಲ್ಲಿಯೇ ಕೂಡಿದಾಗ ವೈದ್ಯನು ಊಹೆಯಿಂದ ಏನನ್ನು ನಿರ್ಧರಿಸಬಲ್ಲನು? ಇನ್ನು ಬಡವನ ಪಾಡು. ರಕ್ತದಲ್ಲಿರುವ ಫೆನಿಟಾಯಿನಿನಲ್ಲಿ ನೂರಕ್ಕೆ ಸುಮಾರು 90 ಪಾಲು ಆಲ್ಬುಮಿನ್ ಎಂಬ ಸಾರಾಂಶಕ್ಕೆ ಅಂಟಿಕೊಂಡಿರುತ್ತದೆ. ಉಳಿದ 10 ಪಾಲೇ ಮೆದುಳಿನ ಮೇಲೆ ಕೆಲಸಮಾಡುವಂಥದು. ಅರೆಹೊಟ್ಟೆಯುಂಡು ಸೊರಗಿದವನಲ್ಲಿ ಆಲ್ಬುಮಿನ್ ಕಡಮೆ; ಬಿಡಿಯಾಗಿ ತಿರುಗುವ ಔಷಧ ಹೆಚ್ಚು. ಉಂಡವನಿಗೆ ಹಿತವಾದ ಅಂಕಿಯೇ ಹಸಿದವನಿಗೆ ವಿಷವಾಗಬಹುದು. ಆದುದರಿಂದ ಅಳೆಯುವ ಯಂತ್ರವಿದ್ದರೆ ಸಾಲದು, ಅಂಕಿಯ ಅರ್ಥವನ್ನು ಬಲ್ಲ ಮನುಷ್ಯನೂ ಬೇಕು.

ಇದಕ್ಕಿಂತಲೂ ಭಯಂಕರವಾದುದು ಇನ್ನೊಂದು. ಕ್ವಚಿತ್ತಾಗಿ, ಔಷಧವು ಅತಿಯಾದಾಗ ಸೆಳವೇ ಮರಳಿ ಬರುವುದುಂಟು. ಅಳತೆಯಿಲ್ಲದ ವೈದ್ಯನು ಔಷಧ ಸಾಲದೆಂದು ತಿಳಿದು ಮತ್ತಷ್ಟು ಕೊಡುವನು. ಉರಿಯುವ ಮನೆಗೆ ನೀರೆಂದು ಎಣ್ಣೆಯನ್ನು ಸುರಿದಂತಾಗುವುದು. ಇತ್ತ ರೋಗಿಯು ಹೆದರಿ ತಾನಾಗಿಯೇ ಔಷಧವನ್ನು ತಟ್ಟನೆ ನಿಲ್ಲಿಸಿದರೆ ಸೆಳವು ಬಿಡದೆ ಹಿಡಿದು ಪ್ರಾಣಕ್ಕೇ ಅಪಾಯವಾದೀತು. ಈ ಲೇಖನವನ್ನು ಓದಿ ಯಾರೂ ವೈದ್ಯನ ಮಾತಿಲ್ಲದೆ ಗುಳಿಗೆಯನ್ನು ಬಿಡಬಾರದೆಂದು ಸ್ಪಷ್ಟವಾಗಿ ಎಚ್ಚರಿಸುತ್ತೇವೆ.

ಪರೀಕ್ಷೆಯೇನೂ ಕಠಿನವಲ್ಲ. ಔಷಧದ ಪ್ರಮಾಣವನ್ನು ಬದಲಿಸಿ ಒಂದೆರಡು ವಾರ ಕಳೆದ ಮೇಲೆ, ಮುಂದಿನ ಗುಳಿಗೆಯನ್ನು ನುಂಗುವ ಮೊದಲು, ಸ್ವಲ್ಪ ರಕ್ತವನ್ನು ತೆಗೆದರೆ ಸಾಕು. ಹೃದಯಕ್ಕೆ ಕೊಡುವ ಡಿಜಾಕ್ಸಿನ್, ಚಿತ್ತವಿಕಾರಕ್ಕೆ ಕೊಡುವ ಲಿಥಿಯಂ ಮೊದಲಾದ, ಹಿತಕ್ಕೂ ಅಹಿತಕ್ಕೂ ಅಂತರವು ಕಿರಿದಾಗಿರುವ ಇತರ ಔಷಧಗಳಿಗೂ ಇಂತಹ ಪರೀಕ್ಷೆಗಳುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗದ ಔಷಧಗಳನ್ನೂ ನರಗಳಿಗೆ ತಗಲುವ ವಿಷಗಳನ್ನೂ ಕುರಿತು ಒಂದು ಪ್ರತ್ಯೇಕ ವಿಭಾಗವೇ ಇದೆ. ಆದರೆ ದೊಡ್ಡ ನಗರಗಳನ್ನು ಬಿಟ್ಟು ಹೊರಟರೆ ಈ ಸೌಕರ್ಯವು ಸುಲಭಸಾಧ್ಯವಲ್ಲ. ದಿನಗೂಲಿಯನ್ನು ಬಿಟ್ಟು, ರೈಲಿನ ಖರ್ಚನ್ನು ಹೊತ್ತು, ಬೆಂಗಳೂರಿಗೆ ಬಂದವನಿಗೆ ಮಾತ್ರ ಅಳತೆ, ಮಿಕ್ಕವರಿಗೆ ಊಹೆ.

ಇಲ್ಲಿಯೇ ಬ್ರಿಸ್ಬೇನಿನ ಪಾಠವು ನಮಗೆ ಅನ್ವಯಿಸುತ್ತದೆ. ಸರಕಾರದ ಆಸ್ಪತ್ರೆಗಳಿಗೆ ಔಷಧಗಳು ಟೆಂಡರಿನ ಮೂಲಕ ಬರುತ್ತವೆ. ಇಂದು ಒಂದು ಕಂಪನಿಯದು, ನಾಳೆ ಮತ್ತೊಂದರದು. ಹೆಸರೂ ತೂಕವೂ ಒಂದೇ ಆಗಿದ್ದರೂ ಒಳಗೆ ತುಂಬಿದ ಪುಡಿ ಬೇರೆಯಾಗಿರಬಹುದು. ಸುಲಭವಾಗಿ ಕರಗದ ಔಷಧಗಳ ಹೊಸ ತಯಾರಿಕೆಗೆ ಅನುಮತಿ ಕೊಡುವ ಮುನ್ನ ಅದು ದೇಹದಲ್ಲಿ ಮೂಲ ಔಷಧಕ್ಕೆ ಸಮಾನವಾಗಿ ವರ್ತಿಸುವುದೆಂದು ತೋರಿಸಬೇಕೆಂಬ ತಿದ್ದುಪಡಿಯನ್ನು ಕೇಂದ್ರ ಸರಕಾರವು 2017ರಲ್ಲಿ ಮಾಡಿದುದು ಶ್ಲಾಘ್ಯವೇ ಸರಿ. ಆದರೆ ನಿಯಮವು ಕಾಗದದಲ್ಲಿರುತ್ತದೆ, ಔಷಧವು ರಕ್ತದಲ್ಲಿರುತ್ತದೆ. ರಕ್ತವನ್ನು ನೋಡದೆ ನಿಯಮವು ಫಲಿಸಿತೇ ಎಂದು ಬಲ್ಲವರಾರು?

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಮೂರು. ಮೊದಲನೆಯದಾಗಿ, ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಈ ಕೆಲವು ಔಷಧಗಳನ್ನಾದರೂ ರಕ್ತದಲ್ಲಿ ಅಳೆಯುವ ಏರ್ಪಾಡಾಗಲಿ. ಅಷ್ಟು ಹಣವಿಲ್ಲವಾದರೆ, ರಕ್ತದ್ರವವನ್ನು ಬೇರ್ಪಡಿಸಿ ತಂಪಿನಲ್ಲಿಟ್ಟು ದೊಡ್ಡ ಪ್ರಯೋಗಶಾಲೆಗೆ ಕಳುಹಿಸಿ ಫಲಿತಾಂಶವನ್ನು ದೂರವಾಣಿಯಿಂದ ತರಿಸುವುದು ಅಸಾಧ್ಯವೇನಲ್ಲ. ರೋಗಿಯು ಪ್ರಯಾಣ ಮಾಡುವುದಕ್ಕಿಂತ ಅವನ ರಕ್ತವು ಪ್ರಯಾಣ ಮಾಡುವುದು ಅಗ್ಗ. ಎರಡನೆಯದಾಗಿ, ಸರಬರಾಜಿನ ಕಂಪನಿ ಬದಲಾದಾಗಲೆಲ್ಲ ಆ ಸುದ್ದಿಯು ಉಗ್ರಾಣದಲ್ಲಿಯೇ ಉಳಿಯದೆ ವೈದ್ಯನಿಗೆ ತಲಪಲಿ. ಮೂರನೆಯದಾಗಿ, ಕ್ಷಯಕ್ಕೂ ಅಪಸ್ಮಾರಕ್ಕೂ ಒಟ್ಟಿಗೆ ಔಷಧ ಸೇವಿಸುವವರ ರಕ್ತಕ್ಕೆ ಪರೀಕ್ಷೆಯಲ್ಲಿ ಅಗ್ರಸ್ಥಾನವಿರಲಿ.

ಔಷಧಕ್ಕೂ ವಿಷಕ್ಕೂ ಇರುವ ಭೇದವು ಪ್ರಯೋಗಿಸುವ ಯುಕ್ತಿಯಲ್ಲಿದೆಯೆಂಬುದು ಚರಕಸಂಹಿತೆಯ ಕಾಲದಿಂದಲೂ ನಮ್ಮವರು ಅರಿತ ವಿಷಯ. ಆ ಯುಕ್ತಿಗೆ ಇಂದು ಒಂದು ಅಳತೆಗೋಲು ದೊರೆತಿದೆ. ಅಂಗಡಿಯಲ್ಲಿ ಬೇಳೆಯನ್ನು ತೂಗುವ ತಕ್ಕಡಿಗೆ ಸರಕಾರವು ಮುದ್ರೆಯೊತ್ತಿಸುತ್ತದೆ. ತೂಕ ತಪ್ಪಿದರೆ ದಂಡ ವಿಧಿಸುತ್ತದೆ. ಪ್ರಜೆಯ ರಕ್ತದಲ್ಲಿ ಸೇರಿದ ಔಷಧವನ್ನು ಮಾತ್ರ ತೂಗದೆ ಬಿಡುವುದು ನ್ಯಾಯವೇ?