ಟ್ರ್ಯಾಕ್ಟರಿನ ಹಾಡು, ಹಿಂದಿನವರ ಹಾರ್ನು



ಕಬ್ಬಿನ ಹಂಗಾಮು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಹಿಂದೆ ಎರಡೆರಡು ಟ್ರೇಲರ್, ಮೇಲೆ ಕಬ್ಬಿನ ಹೇರು, ಮುಂದೆ ಜೋರಾಗಿ ಹಚ್ಚಿದ ಹಾಡು. ಬಸ್ಸಿನವರು ಎಷ್ಟು ಹಾರ್ನ್ ಹೊಡೆದರೂ ಟ್ರ್ಯಾಕ್ಟರ್ ಬಾಜೂಕ ಸರಿಯುವುದಿಲ್ಲ. 'ಬೇಕಂತನ ದಾರಿ ಬಿಡವಲ್ಲ' ಎಂದು ಜನ ಬೈಯುತ್ತಾರೆ. ಆದರೆ ಬಹಳ ಸಲ ಡ್ರೈವರನಿಗೆ ಹಾರ್ನು ಕೇಳಿಸಿರುವುದೇ ಇಲ್ಲ. ಯಾಕೆ? ನಮ್ಮ ವಿಜ್ಞಾನ ಪುಸ್ತಕದ ಶಬ್ದದ ಪಾಠದಲ್ಲೇ ಇದಕ್ಕೆ ಉತ್ತರವಿದೆ.

ಶಬ್ದ ಹೇಗೆ ಬರುತ್ತದೆ?

ವಸ್ತು ಕಂಪಿಸಿದಾಗ ಶಬ್ದ ಹುಟ್ಟುತ್ತದೆ. ಹಲಗಿಯ ಮೇಲೆ ನಾಲ್ಕು ಸಾಸಿವೆ ಕಾಳು ಹಾಕಿ ಮೆಲ್ಲಗೆ ಬಾರಿಸಿ ನೋಡಿ, ಕಾಳು ಕುಣಿಯುತ್ತವೆ. ಆ ಕಂಪನ ಪಕ್ಕದ ಗಾಳಿಯನ್ನು ಒತ್ತಿ ಬಿಡುತ್ತದೆ, ಆ ಗಾಳಿ ಮುಂದಿನ ಗಾಳಿಯನ್ನು ಒತ್ತುತ್ತದೆ. ಹೀಗೆ ಅಲೆ ಸಾಗುತ್ತದೆ. ಗಾಳಿ ಇದ್ದಲ್ಲೇ ಹಿಂದೆ ಮುಂದೆ ಆಡುತ್ತದೆ, ಮುಂದೆ ಹೋಗುವುದು ಶಕ್ತಿ ಮಾತ್ರ. ಆದ್ದರಿಂದ ಶಬ್ದವೂ ಶಕ್ತಿಯ ಒಂದು ರೂಪ. ಟ್ರ್ಯಾಕ್ಟರಿನ ಹಾಡಿಗೆ ಶಕ್ತಿ ಬರುವುದು ಡೀಸೆಲ್‌ನಿಂದ. ಅದು ಎಂಜಿನ್ ತಿರುಗಿಸುತ್ತದೆ, ಡೈನಮೋ ವಿದ್ಯುತ್ ಮಾಡುತ್ತದೆ, ಸ್ಪೀಕರ್ ಅದನ್ನು ಶಬ್ದ ಮಾಡುತ್ತದೆ.

20 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 40 ಮೀಟರ್ ಹಿಂದಿನ ಹಾರ್ನು ಕಣ್ಣು ಮಿಟುಕಿಸುವುದರೊಳಗೆ ಡ್ರೈವರನ ಕಿವಿಗೆ ಮುಟ್ಟುತ್ತದೆ. ತಡವಾಗುವುದೇನೂ ಇಲ್ಲ. ಹಾಗಾದರೆ ಕೇಳಂಗಿಲ್ಲ ಯಾಕ?

ಡೆಸಿಬಲ್ ಲೆಕ್ಕ

ಶಬ್ದದ ಜೋರನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. 10 ಡೆಸಿಬಲ್ ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಸುಮಾರು 6 ಡೆಸಿಬಲ್ ಕಡಿಮೆ.

ಹಾರ್ನು 5 ಮೀಟರ್ ದೂರದಲ್ಲಿ 100 ಡೆಸಿಬಲ್ ಇದೆ ಎನ್ನೋಣ. 10 ಮೀಟರಿಗೆ 94, 20ಕ್ಕೆ 88, 40ಕ್ಕೆ 82. ಡ್ರೈವರನ ಕಿವಿ ಹತ್ತಿರದ ಹಾಡೂ 100 ಡೆಸಿಬಲ್ ಇದ್ದರೆ, ಅದರ ಮುಂದೆ ಹಾರ್ನಿನ ಶಕ್ತಿ 64ರಲ್ಲಿ 1 ಪಾಲು. ಮೇಲೆ ಎಂಜಿನ್ನಿನ ಸಪ್ಪಳ ಬೇರೆ. ನಡುವೆ ಕಬ್ಬಿನ ಹೇರು ಗೋಡೆಯಂತೆ ನಿಂತಿರುತ್ತದೆ. ಹಾರ್ನಿನ ಅಲೆ ಕಿವಿಗೆ ಮುಟ್ಟಿದರೂ ದೊಡ್ಡ ಸಪ್ಪಳದ ಕೆಳಗೆ ಅಡಗಿಬಿಡುತ್ತದೆ.

ಹಾಡಿನಿಂದ ಡ್ರೈವರನಿಗೂ ಹಾನಿ ಇದೆ. 85 ಡೆಸಿಬಲ್‌ಗಿಂತ ಹೆಚ್ಚಿನ ಸಪ್ಪಳ ದಿನಾ 8 ತಾಸು ಕಿವಿಗೆ ಬಿದ್ದರೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ.

ನಮಗೇನು ಪಾಠ?

ನಮ್ಮಲ್ಲಿ ಕೆಲವರು ಕಬ್ಬು ಜಗ್ಗಲು ಓಡುವ ಟ್ರೇಲರ್ ಹಿಂದೆ ಬೀಳುತ್ತಾರೆ. ಅವರು ಈ ಲೆಕ್ಕ ನೋಡಬೇಕು. ನಮ್ಮ ಕೂಗು 1 ಮೀಟರಿನಲ್ಲಿ 90 ಡೆಸಿಬಲ್ ಎಂದು ಹಿಡಿದರೆ 2ರಲ್ಲಿ 84, 4ರಲ್ಲಿ 78, 8ರಲ್ಲಿ 72, 16 ಮೀಟರಿನಲ್ಲಿ 66. ಹಾಡು ಮಾತ್ರ 100. ಕೂಗಿನ ಶಕ್ತಿ ಸುಮಾರು 2,500ರಲ್ಲಿ 1 ಪಾಲು! ಕಾಲು ಜಾರಿ ಗಾಲಿ ಹತ್ತಿರ ಬಿದ್ದು ಎಷ್ಟು ಚೀರಿದರೂ ಡ್ರೈವರ್ ಕಾಕಾಗೆ ಕೇಳಂಗಿಲ್ಲ. ಕಬ್ಬು ತಿನ್ನಬೇಕೆಂದರೆ ಹೊಲದವರನ್ನು ಕೇಳಿ, ಒಂದು ಗಳ ಕೊಟ್ಟೇ ಕೊಡುತ್ತಾರೆ. ಸೈಕಲ್ ಮೇಲೆ ಹೋಗುವವರೂ ಗಂಟೆ ಬಾರಿಸಿದೆನೆಂದು ನಂಬಿ ಮುಂದೆ ನುಗ್ಗಬಾರದು.

ಮನೆಯಲ್ಲಿ ಟ್ರ್ಯಾಕ್ಟರ್ ಇದ್ದವರು ಅಪ್ಪನಿಗೆ, ಕಾಕಾನಿಗೆ ಈ ಲೆಕ್ಕ ತೋರಿಸಿ. ಹಾಡು ಬೇಡವೆಂದಲ್ಲ, ರಾತ್ರಿ ನಿದ್ದಿ ತಡೆಯಲು ಹಚ್ಚುತ್ತಾರೆ. ಆದರೆ ಹಿಂದಿನ ಹಾರ್ನು ಕೇಳುವಷ್ಟು ಸಣ್ಣದಿರಲಿ. ನಿದ್ದಿ ಬಂದರೆ ಗಾಡಿ ನಿಲ್ಲಿಸಿ ಮಲಗುವುದೇ ಲೇಸು.

ಮಾಡಿ ನೋಡಿ: ಬಯಲಿನಲ್ಲಿ ರೇಡಿಯೋ ಹಚ್ಚಿ ಅದರ ಪಕ್ಕ ಕೂಡಿರಿ. ಗೆಳೆಯ ನಿಮ್ಮ ಹೆಸರು ಕರೆಯುತ್ತ ಹಿಂದೆ ಹಿಂದೆ ಸರಿಯಲಿ. ಎಷ್ಟು ಹೆಜ್ಜೆಗೆ ಕೇಳದಂತಾಯಿತು? ರೇಡಿಯೋ ಸಣ್ಣ ಮಾಡಿ ಮತ್ತೆ ಎಣಿಸಿ.

ಲೆಕ್ಕ ಹೇಳಿ: ಮೇಲಿನ ಹಾರ್ನು 80 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್?