ನಲವತ್ತೆಂಟು ಕೆಜಿಯ ಗೌರಿ

2023ರ ಗೌರಿ ಹಬ್ಬದ ಹಿಂದಿನ ದಿನ. ಬಾಗಿನಕ್ಕೆ ಮೊರ ತರ್ತೀನಿ ಅಂತ ಹೋದ ನಮ್ಮೆಜಮಾನ್ರು ಕಾರಿನ ಹಿಂದಿನ ಸೀಟಲ್ಲಿ ಒಂದು ನಾಯಿ ಕೂರಿಸ್ಕೊಂಡು ಬಂದ್ರು. ಮೊರ ಮರೆತಿದ್ರು. "ಎರಡೇ ವಾರ ಕಣೇ, ಬೇರೆ ಮನೆ ಸಿಗೋವರೆಗೆ" ಅಂದ್ರು. ಪ್ರಾಣಿಗಳನ್ನು ಕಾಪಾಡೋ ಕೆಲಸ ಮಾಡೋ ಅವರ ಗೆಳೆಯರಿಗೆ ನೆಲಮಂಗಲದ ಕಡೆ ಹೆದ್ದಾರಿ ಪಕ್ಕದ ಲೈಟುಕಂಬಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಇದು ಸಿಕ್ಕಿತ್ತಂತೆ.

ಫ್ರೆಂಚ್ ಮ್ಯಾಸ್ಟಿಫ್. ಹೆಣ್ಣು. ಈ ತಳಿಯ ಹೆಣ್ಣುನಾಯಿ ಕಡಿಮೆ ಅಂದ್ರೂ ನಲವತ್ತೈದು ಕೆಜಿ ಇರಬೇಕು, ಇದು ಮೂವತ್ನಾಲ್ಕು ಇತ್ತು. ಪಕ್ಕೆಲುಬು ಎಣಿಸಬಹುದಿತ್ತು. ಮೊಲೆಗಳು ಜೋತುಬಿದ್ದಿದ್ದವು, ಮೊಣಕೈಗಳಲ್ಲಿ ಸಿಮೆಂಟ್ ನೆಲದ ಮೇಲೆ ಮಲಗಿ ಮಲಗಿ ಆದ ಹುಣ್ಣು. ಡಾಕ್ಟರು ಹಲ್ಲು ನೋಡಿ, "ನಾಲ್ಕು ವರ್ಷ ಇರಬಹುದು, ಮೇಲಿಂದ ಮೇಲೆ ಮರಿ ಹಾಕಿಸಿದ್ದಾರೆ. ಇನ್ನು ಲಾಭ ಇಲ್ಲ ಅಂತ ಬಿಟ್ಟಿದ್ದಾರೆ" ಅಂದ್ರು. ಹಬ್ಬದ ಹಿಂದಿನ ದಿನ ಬಂದವಳಿಗೆ ಮಗಳು ಗೌರಿ ಅಂತ ಹೆಸರಿಟ್ಟಳು. ಅತ್ತೆ ಇದನ್ನು ಒಪ್ಪಲೇ ಇಲ್ಲ. ಆರು ತಿಂಗಳು ಅವರು ಕರೆದದ್ದು "ಏ ಇವಳೇ" ಅಂತಲೇ.

ಮೊದಲ ವಾರ ಗೌರಿ ಏನೂ ಮಾಡಲಿಲ್ಲ. ನಿಜವಾಗಿ, ಏನೂ ಇಲ್ಲ. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ, ಹಿತ್ತಲ ಬಾಗಿಲ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರೋಳು. ಎಂಥಾ ಸಾಧು ನಾಯಿ ಅಂತ ನಾವು ಖುಷಿಪಟ್ಟೆವು. ಅದು ಸಾಧುತನ ಅಲ್ಲ, ಹೆದರಿ ಮರಗಟ್ಟಿದ್ದು ಅಂತ ಆಮೇಲೆ ಗೊತ್ತಾಯ್ತು. ಮೆಟ್ಟಿಲು ಹತ್ತೋಕೂ ಬರ್ತಿರಲಿಲ್ಲ ಅವಳಿಗೆ. ಗೂಡಿನಲ್ಲೇ ಬೆಳೆದ ನಾಯಿ ಮೆಟ್ಟಿಲು ಎಲ್ಲಿ ನೋಡಿರುತ್ತೆ? ನಾಲ್ಕು ಮೆಟ್ಟಿಲು ಕಲಿಸೋಕೆ ಹನ್ನೊಂದು ದಿನ ಹಿಡೀತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಚೂರು ಪನೀರ್. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆ ಬೇಯಿಸೋಕೆ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಬಂತು. ಆ ರಾಜಿ ಮಾತುಕತೆಯೇ ಒಂದು ಲೇಖನ ಆಗುತ್ತೆ, ಬಿಡಿ.

ನಾಲ್ಕನೇ ವಾರ ಆ ಘಟನೆ ಆಯ್ತು. ಗೌರಿ ಮೊಸರನ್ನ ತಿಂತಿದ್ಲು. ತಟ್ಟೆ ಖಾಲಿ ಆಯ್ತು ಅಂದ್ಕೊಂಡು ಅತ್ತೆ ಬಗ್ಗಿ ಕೈ ಹಾಕಿದ್ರು. ಎದೆಯಾಳದಿಂದ ಗುರ್ ಅಂದಳು ನೋಡಿ, ಅಡುಗೆಮನೆಯಲ್ಲಿದ್ದ ನನ್ನ ಕಾಲಿಗೇ ಆ ಸದ್ದು ತಟ್ಟಿತು. ಅತ್ತೆ ಹಿಂದಕ್ಕೆ ಜಾರಿ ಕೂತುಬಿಟ್ಟರು. ಯಜಮಾನ್ರು ಓಡಿಬಂದು ಕೈ ಎತ್ತಿದ್ರು, ಹೊಡೀಲಿಲ್ಲ, ಎತ್ತಿದ್ರು ಅಷ್ಟೆ. ಗೌರಿ ನೆಲಕ್ಕೆ ಚಪ್ಪಟೆಯಾಗಿ ಅಲ್ಲೇ ಉಚ್ಚೆ ಹೊಯ್ದುಕೊಂಡಳು.

ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಮನೆಯಲ್ಲಿ ಎಪ್ಪತ್ತೆರಡರ ಮುದುಕಿ, ಎಂಟು ವರ್ಷದ ಮಗು. ವಾಪಸ್ ಕಳಿಸೋಣ ಅಂದವಳು ನಾನೇ. ಅದನ್ನು ಮುಚ್ಚಿಟ್ಟು ಬರೆಯೋದು ಸರಿಯಲ್ಲ.

ಬೆಳಿಗ್ಗೆ ಬಂದ ನಾಯಿ ತರಬೇತುದಾರ ಹುಡುಗ ಮೊದಲು ಹೇಳಿದ ಮಾತು: "ಗುರ್ ಅಂದದ್ದಕ್ಕೆ ಬೈಬೇಡಿ ಆಂಟಿ. ಅದು ಎಚ್ಚರಿಕೆ. ಬೈದು ಬೈದು ಅದನ್ನು ನಿಲ್ಲಿಸಿದ್ರೆ ಮುಂದಿನ ಸಲ ಎಚ್ಚರಿಕೆ ಇಲ್ಲದೇ ಕಚ್ಚುತ್ತೆ." ಹತ್ತು ನಾಯಿ ಒಂದು ತಟ್ಟೆಗೆ ಮುಗಿಬೀಳೋ ಜಾಗದಿಂದ ಬಂದವಳು, ತಟ್ಟೆ ಕಾಯದಿದ್ದರೆ ಉಪವಾಸ ಅಂತ ಕಲಿತಿದ್ದಾಳೆ ಅಂತ ವಿವರಿಸಿದ. ಎರಡು ಕೆಲಸ ಕೊಟ್ಟ. ಒಂದು, ಊಟದ ಹೊತ್ತಿಗೆ ಹಿತ್ತಲ ಬಾಗಿಲಿಗೆ ಗೇಟು, ಅತ್ತೆ ಮತ್ತು ಮಗು ಈಚೆ. ಇನ್ನೊಂದು, ಅವಳು ತಿನ್ನುವಾಗ ನಾನು ದೂರದಿಂದ ಹಾದು ಹೋಗೋದು, ಹೋಗುವಾಗ ತಟ್ಟೆ ಕಡೆ ಅದಕ್ಕಿಂತ ರುಚಿಯಾದ ಒಂದು ಚೂರು ಎಸೆದು ನಿಲ್ಲದೇ ನಡೆಯೋದು. ಮೊದಲು ಹತ್ತಡಿ ದೂರ. ಅವಳ ಮೈ ಬಿಗಿಯದೇ ಇದ್ದರೆ ಮಾತ್ರ ಅರ್ಧ ಅಡಿ ಹತ್ತಿರ. ಬಿಗಿದರೆ ಮತ್ತೆ ಹಿಂದಕ್ಕೆ. ತಟ್ಟೆಯಲ್ಲಿ ಕೈ ಆಡಿಸಿ "ಯಜಮಾನಿಕೆ ತೋರಿಸಿ" ಅಂತ ನೆಂಟರೊಬ್ಬರು ಹೇಳಿಕೊಟ್ಟಿದ್ರು. ಹುಡುಗ ಕೇಳಿ ಕೈಮುಗಿದ.

ಮೂರು ತಿಂಗಳಾದ ಮೇಲೆ ಒಂದು ದಿನ ನಾನು ಹತ್ತಿರ ಹೋದಾಗ ಗೌರಿ ತಟ್ಟೆಯಿಂದ ತಲೆ ಎತ್ತಿ ನನ್ನ ಕೈ ನೋಡಿದಳು. ಬಾಲ ಆಡ್ತಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಹೊರಗಡೆ ಓಡಾಡಿಸೋದು ಬೇರೆಯೇ ಕತೆ. ಮ್ಯಾಸ್ಟಿಫ್ ಎಳೆದ್ರೆ ನಾವು ನಿಲ್ಲೋಕಾಗಲ್ಲ. ಹಾಗಾಗಿ ಬಲದ ಮಾತೇ ಇಲ್ಲ, ಹಗ್ಗ ಬಿಗಿಯಾದ ಕೂಡಲೇ ಮರದ ಹಾಗೆ ನಿಂತುಬಿಡೋದು, ಸಡಿಲವಾದರೆ ಮಾತ್ರ ಮುಂದಕ್ಕೆ. ಮೊದಲ ತಿಂಗಳು ನಮ್ಮ ವಾಕಿಂಗ್ ಮೂರು ಮನೆ ದಾಟುತ್ತಿರಲಿಲ್ಲ. ಬುಟ್ಟಿಯಂಥ ಬಾಯಿಕವಚಕ್ಕೂ ಅಭ್ಯಾಸ ಮಾಡಿಸಿದೆವು, ಒಳಗೆ ಗಟ್ಟಿ ಮೊಸರು ಸವರಿ ತಾನಾಗೇ ಮೂತಿ ತೂರಿಸೋ ಹಾಗೆ. ಅದನ್ನು ಹಾಕಿಕೊಂಡು ಬಾಯಿ ಬಿಟ್ಟು ತೇಕಬಹುದು, ನೀರು ಕುಡೀಬಹುದು. ಜನರಿಗೆ ಧೈರ್ಯ ಬರಲಿ ಅಂತ ಹಾಕಿದ್ರೆ ಬೀದಿಯವರು ಇನ್ನೂ ಹೆದರಿದ್ರು ಅನ್ನಿ!

ತೇಕೋದು ಅಂದೆನಲ್ಲ, ಈ ತಳಿ ಸಾಕೋರು ಗಮನಿಸಬೇಕಾದ್ದು ಅದೇ. ನಾಯಿಗಳು ಮೈ ತಣ್ಣಗಾಗಿಸೋದು ಮುಖ್ಯವಾಗಿ ತೇಕುವುದರಿಂದ. ಚಪ್ಪಟೆ ಮೂತಿಯ ಇವಕ್ಕೆ ಅದು ಸರಿಯಾಗಿ ಆಗಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ನಾವು ಬೆಳಿಗ್ಗೆ ಆರರೊಳಗೆ, ರಾತ್ರಿ ಎಂಟರ ಮೇಲೆ ಮಾತ್ರ ಹೊರಡೋದು. ಊಟ ಎರಡು ಮೂರು ಭಾಗ ಮಾಡಿ ಕೊಡ್ತೀವಿ, ಉಂಡ ಮೇಲೆ ಓಡಿಸಲ್ಲ. ದೊಡ್ಡ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಇದೆ. ವಾಂತಿಗೆ ಹವಣಿಸಿ ಏನೂ ಬರದಿದ್ದರೆ ಓಂಕಾಳು ನೀರು ಅಂತ ಕಾಯೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು. ಇನ್ನು ಜೊಲ್ಲು. ಗೋಡೆ, ಪರದೆ, ಒಮ್ಮೆ ಮದುವೆ ಕರೆಯೋಲೆ ಕೊಡೋಕೆ ಬಂದವರ ರೇಷ್ಮೆ ಸೀರೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸುತ್ತೋಲೆ ಬಂತು. ಅಪಾಯಕಾರಿ ಅಂತ ಇಪ್ಪತ್ತಮೂರು ತಳಿಗಳ ಆಮದು, ಮಾರಾಟಕ್ಕೆ ನಿಷೇಧ, ಈಗಾಗಲೇ ಸಾಕಿದವುಗಳಿಗೆ ಸಂತಾನಹರಣ. ಪಟ್ಟಿಯಲ್ಲಿ ಮ್ಯಾಸ್ಟಿಫ್ ಅನ್ನೋ ಪದ ಇತ್ತು. ಗೌರಿಗೆ ಆಪರೇಷನ್ ಮೊದಲೇ ಆಗಿತ್ತು, ಆದರೆ ಬೀದಿಯ ವಾಟ್ಸ್ಯಾಪ್ ಗುಂಪಿಗೆ ಅದೆಲ್ಲ ಬೇಕಿರಲಿಲ್ಲ. "ನಿಷೇಧಿತ ನಾಯಿ ಯಾಕೆ ಇಟ್ಕೊಂಡಿದೀರಿ?" ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರನ್ನು ಕೇಳದೇ ಮಾಡಿದ್ದು ಅಂತ ಅದನ್ನು ರದ್ದುಮಾಡಿತು. ನನ್ನ ಅನಿಸಿಕೆ ಕೇಳಿದ್ರೆ, ಅವರ ಭಯವನ್ನು ನಾನು ತಳ್ಳಿಹಾಕಲ್ಲ. ಗುರ್ ಅಂದದ್ದು ನಾನೂ ಕೇಳಿದೀನಿ. ಆದರೆ ಗೂಡಿನಲ್ಲಿ ಕೂಡಿಹಾಕಿ ಮರಿ ಹಾಕಿಸಿ, ಕಂಬಕ್ಕೆ ಕಟ್ಟಿಹೋದವನನ್ನು ಆ ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ.

ಗೌರಿ ಈಗ ನಲವತ್ತೆಂಟು ಕೆಜಿ. ಊಟದ ಹೊತ್ತಿನ ಗೇಟು ಇವತ್ತಿಗೂ ಇದೆ, ತೆಗೆಯೋದಿಲ್ಲ. ಪಟಾಕಿ ಸದ್ದಿಗೆ ಇನ್ನೂ ಮಂಚದ ಕೆಳಗೆ ಅರ್ಧ ಮಾತ್ರ ಹಿಡಿಯೋ ಮೈ ತೂರಿಸ್ತಾಳೆ. ಈ ತಳಿಗೆ ಆಯಸ್ಸು ಕಮ್ಮಿ, ಎಂಟು ವರ್ಷ ದಾಟಿದರೆ ಹೆಚ್ಚು. ಮೂತಿ ಬೆಳ್ಳಗಾಗ್ತಿದೆ. ಮೊನ್ನೆ ಮಧ್ಯಾಹ್ನ ಅತ್ತೆ ಗೇಟಿನ ಈಚೆ ಕುರ್ಚಿ ಹಾಕ್ಕೊಂಡು ಹೂ ಕಟ್ತಾ, "ನಿಧಾನಕ್ಕೆ ತಿನ್ನೇ ಗೌರಿ, ಯಾರೂ ಕಿತ್ಕೊಳಲ್ಲ" ಅಂತಿದ್ರು.