ಪಾರ್ಲರ್ ಕೆಲಸ ಕಲಿಯಲು ಸರ್ಕಾರದ ಹಣ

ಬ್ಯೂಟಿ ಪಾರ್ಲರ್ ಕೆಲಸ ಕಲಿಯಲು ಸರ್ಕಾರ ಕೊಡುವ ಹಣ ಸಾಮಾನ್ಯವಾಗಿ ಕಲಿಯುವವರ ಕೈಗೆ ಬರುವುದಿಲ್ಲ, ಕಲಿಸುವ ಸಂಸ್ಥೆಗೆ ಹೋಗುತ್ತದೆ. ಖಾಸಗಿ ಕ್ಲಾಸಿಗೆ ಸೇರಿ, ಫೀ ಕಟ್ಟಿದ ರಸೀದಿ ಹಿಡಿದು ಕಚೇರಿಗೆ ಹೋದರೆ ಆ ದುಡ್ಡು ವಾಪಸ್ ಬಂದೀತು ಎಂದು ನಂಬಿ ಕೂಡುವಂತಿಲ್ಲ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಬಹುಪಾಲು ರಾಜ್ಯಗಳಲ್ಲಿ ಸಾವಿರ ಗಂಟೆ, ಅದಕ್ಕೂ ಹೆಚ್ಚು ಕಲಿತು ಲೈಸೆನ್ಸ್ ಪಡೆಯದೆ ಯಾರ ತಲೆಗೂ ಕತ್ತರಿ ಹಾಕುವಂತಿಲ್ಲ. ಹಾಗಾಗಿ ಮಾನ್ಯತೆ ಪಡೆದ ಸೌಂದರ್ಯ ಶಾಲೆಗೆ ಸೇರುವ ಬಡ ವಿದ್ಯಾರ್ಥಿಗೆ ಪೆಲ್ ಗ್ರ್ಯಾಂಟ್ ಎಂಬ ಕೇಂದ್ರದ ನೆರವು ಆಕೆಯ ಹೆಸರಿನಲ್ಲೇ ಸಿಗುತ್ತದೆ. ನಮ್ಮಲ್ಲಿ ಪಾರ್ಲರ್ ತೆರೆಯಲು ಅಂಥ ವೃತ್ತಿ ಲೈಸೆನ್ಸ್ ಬೇಕಿಲ್ಲ. ಅಂಗಡಿಯ ನೋಂದಣಿ, ನಗರಸಭೆ ಅಥವಾ ಪಂಚಾಯಿತಿಯ ಪರವಾನಗಿ ಇದ್ದರೆ ಬೋರ್ಡು ಏರುತ್ತದೆ. ಕೆಲಸ ಬರುತ್ತದೋ ಇಲ್ಲವೋ ಎಂಬುದನ್ನು ಗಿರಾಕಿಯೇ ನೋಡಿಕೊಳ್ಳಬೇಕು.

ಬಾಗಲಕೋಟೆ ಜಿಲ್ಲೆಯ ರಬಕವಿ–ಬನಹಟ್ಟಿ ಮಗ್ಗದ ಊರು. ಕಂಡಿಕಿ ಸುತ್ತಿ ಬೆಳೆದ ಹೆಣ್ಣುಮಕ್ಕಳಿಗೆ ನೂಲು ಹೊಸದಲ್ಲ. ಆದರೆ ಥ್ರೆಡ್ಡಿಂಗ್‌ನ ನೂಲು ಬೇರೆಯೇ ಪಾಠ ಕಲಿಸುತ್ತದೆ. ಎಳೆಯ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡೂ ಕೈಬೆರಳುಗಳಲ್ಲಿ. ನಡುವಿನ ಸುರುಳಿ ಅತ್ತಿತ್ತ ಸರಿದಾಗ ಕೂದಲು ಬುಡಸಮೇತ ಕಿತ್ತು ಬರುತ್ತದೆ. ಹೊಸಬರು ಮೊದಲು ತಮ್ಮ ಕಾಲಿನ ಮೇಲೆಯೇ ಕೈ ಪಳಗಿಸಿಕೊಳ್ಳುತ್ತಾರೆ, ಹುಬ್ಬಿನ ಸರದಿ ಆಮೇಲೆ. ತಪ್ಪಿ ಕಿತ್ತ ಹುಬ್ಬು ಕೆಲವು ವಾರಗಳಲ್ಲಿ ಬೆಳೆದೀತು, ಗಿರಾಕಿ ಮಾತ್ರ ಮರಳಿ ಬರುವುದಿಲ್ಲ. ಆದ್ದರಿಂದ ಉಚಿತ ತರಬೇತಿಯಾದರೂ ದಿನಕ್ಕೆ ಎಷ್ಟು ಹೊತ್ತು ಕೈಯಾರೆ ಮಾಡಿಸುತ್ತಾರೆ ಎಂದು ವಿಚಾರಿಸಿಯೇ ಸೇರಬೇಕು.

ಹಳ್ಳಿಯವರಿಗೆ ಎಲ್ಲಕ್ಕಿಂತ ಅನುಕೂಲವಾದದ್ದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ. ಇದರ ಬೇರು ಕರ್ನಾಟಕದಲ್ಲೇ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ಅದೇ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಿಂದ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹರಡಿತು. ಬ್ಯೂಟಿ ಪಾರ್ಲರ್ ನಿರ್ವಹಣೆಯ ಸುಮಾರು ಒಂದು ತಿಂಗಳ ಕೋರ್ಸಿಗೆ ಇಲ್ಲಿ ಫೀ ಇಲ್ಲ, ಊಟ–ವಸತಿಗೂ ಕಾಸಿಲ್ಲ. ತರಬೇತಿ ಮುಗಿದ ಮೇಲೂ ಎರಡು ವರ್ಷ ಸಂಸ್ಥೆ ಬೆನ್ನಿಗಿದ್ದು, ಬ್ಯಾಂಕ್ ಸಾಲ ಸಿಗುವಂತೆ ನೋಡಿಕೊಳ್ಳಬೇಕು ಎಂಬುದು ನಿಯಮ. ಸುತ್ತಲಿನ ಚಿಮ್ಮಡ, ಹಿಪ್ಪರಗಿ, ಅಸಂಗಿ ಕಡೆಯ ಯುವತಿಯರಿಗೆ ಇದೇ ಮೊದಲ ಬಾಗಿಲು. ಒಂದೇ ಅಡ್ಡಿ, ತಿಂಗಳು ಮನೆ ಬಿಟ್ಟಿರುವುದು. ಕೈಗೂಸು ಇರುವವರಿಗೆ ಅದೇ ದೊಡ್ಡ ಮಾತು.

ರಬಕವಿ, ಬನಹಟ್ಟಿ ಪೇಟೆಯೊಳಗೇ ಇರುವವರು ನಗರವಾಸಿಗಳೆಂದು ಎಣಿಕೆಯಾಗುವುದರಿಂದ ಅವರ ದಾರಿ ನಗರಸಭೆಯ ಮೂಲಕ ಹೋಗುತ್ತದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ನಿಗದಿತ ಅನುದಾನದಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 7.25ನ್ನು ಇತರ ಬಡವರಿಗೂ ಮೀಸಲಿಡುತ್ತವೆ. ಹೊಲಿಗೆ ಯಂತ್ರದಂಥ ವೃತ್ತಿ ಸಲಕರಣೆ ಕೊಡಲು ಬಳಸುವ ಈ ಹಣಕ್ಕೆ ಅರ್ಜಿ ಕರೆದಾಗ ಸೂಚನಾ ಫಲಕ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಊರಿಗೆಲ್ಲ ಸುದ್ದಿ ಮುಟ್ಟುವ ಹೊತ್ತಿಗೆ ಕೊನೆಯ ದಿನ ದಾಟಿರುತ್ತದೆ. ಇದಲ್ಲದೆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಮತ್ತು 2017ರ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯ ಕೇಂದ್ರಗಳಲ್ಲೂ ಸೌಂದರ್ಯ ವಿಭಾಗದ ಉಚಿತ ಕೋರ್ಸುಗಳಿರುತ್ತವೆ. ಯಾವ ಊರಿನಲ್ಲಿ ಯಾವ ಬ್ಯಾಚ್ ಎಂಬುದು ವರ್ಷ ವರ್ಷಕ್ಕೆ ಬದಲಾಗುತ್ತದೆ.

ಇನ್ನೂ ಗಟ್ಟಿ ಪ್ರಮಾಣಪತ್ರ ಬೇಕೆನ್ನುವವರಿಗೆ ಐಟಿಐಗಳ ಬೇಸಿಕ್ ಕಾಸ್ಮೆಟಾಲಜಿ ಇದೆ, ಅವಧಿ ಒಂದು ವರ್ಷ. ‘ವಿದ್ಯಾರ್ಥಿವೇತನ’ ಎಂಬ ಮಾತು ನಿಜವಾಗಿ ಅನ್ವಯಿಸುವುದು ಇಲ್ಲಿಯೇ. ಪರಿಶಿಷ್ಟರು, ಹಿಂದುಳಿದ ವರ್ಗದವರು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. 2021ರಲ್ಲಿ ರೈತರ ಮಕ್ಕಳಿಗಾಗಿ ಬಂದ ವಿದ್ಯಾನಿಧಿ ಯೋಜನೆಯನ್ನು ಆಮೇಲೆ ನೇಕಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಐಟಿಐ ಹಂತದ ಹೆಣ್ಣುಮಕ್ಕಳಿಗೆ ಅದರಲ್ಲಿ ಗೊತ್ತುಮಾಡಿದ ಮೊತ್ತ ವರ್ಷಕ್ಕೆ 3,000 ರೂಪಾಯಿ. ದೊಡ್ಡ ಮೊತ್ತವಲ್ಲ, ಪುಸ್ತಕಕ್ಕೂ ಕಿಟ್ಟಿನ ಒಂದಿಷ್ಟು ಸಾಮಾನಿಗೂ ಆದೀತು.

ಕಲಿತ ಮೇಲೆ ಅಂಗಡಿ ಹಾಕಲು ಸಿಗುವುದು ಸಬ್ಸಿಡಿ ಬೆರೆತ ಸಾಲ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 18ರಿಂದ 55 ವರ್ಷದೊಳಗಿನ ಮಹಿಳೆಯರಿಗೆ 3 ಲಕ್ಷದವರೆಗೆ ಬ್ಯಾಂಕ್ ಸಾಲವಿದ್ದು, ಪರಿಶಿಷ್ಟರಿಗೆ ಅದರ ಅರ್ಧ, ಇತರರಿಗೆ ಶೇ. 30ರಷ್ಟು ಸಹಾಯಧನ. ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯಲ್ಲಿ ಮಹಿಳೆಗೆ ಪೇಟೆಯಲ್ಲಾದರೆ ಶೇ. 25, ಹಳ್ಳಿಯಲ್ಲಾದರೆ ಶೇ. 35 ಸಬ್ಸಿಡಿ. ಆದರೆ ಈ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಕೊನೆಗೆ ಸಾಲಕ್ಕೆ ಜಮೆಯಾಗುತ್ತದೆ. ‘ಅರ್ಧ ಪುಕ್ಕಟೆ’ ಎಂದು ಕಂತು ನಿಲ್ಲಿಸಿದವರು ಇಲ್ಲೇ ಎಡವುತ್ತಾರೆ. ಸಣ್ಣದಾಗಿ ಶುರುಮಾಡುವವರಿಗೆ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ, ಅಡವಿಲ್ಲದೆ ಸಿಗುತ್ತದೆ. ಅದರಲ್ಲಿ ಸಬ್ಸಿಡಿ ಇಲ್ಲ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬ್ಯೂಟಿ ಪಾರ್ಲರ್ ಇಲ್ಲ, ಕ್ಷೌರಿಕ ವೃತ್ತಿ ಇದೆ. ಹಡಪದ, ಸವಿತಾ ಸಮಾಜದ ಮನೆಗಳಲ್ಲಿ ಕತ್ತರಿ ಹಿಡಿದು ದುಡಿಯುತ್ತಿರುವವರು ಇದನ್ನು ವಿಚಾರಿಸಬೇಕು: ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿಯ ವೋಚರ್ ಕೊಡುವ ಯೋಜನೆ ಇದು. ಕುಟುಂಬಕ್ಕೆ ಒಬ್ಬರೇ ಅರ್ಹರು.

ಅರ್ಜಿ ಹೆಚ್ಚಾಗಿ ಕಾಗದದಲ್ಲೇ ಸಿಕ್ಕಿಕೊಳ್ಳುತ್ತದೆ. ಮದುವೆಯಾದವರ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ಜಾತಿ ತಂದೆಯ ಕಡೆಯಿಂದ, ಆದಾಯ ಈಗಿರುವ ಮನೆಯಿಂದ. ನಾಡಕಚೇರಿಯ ಜಾತಿ–ಆದಾಯ ಪತ್ರ, ರೇಷನ್ ಕಾರ್ಡ್, ಆಧಾರ್ ಜೋಡಿಸಿದ ಪಾಸ್‌ಬುಕ್, ಇವೆಲ್ಲದರಲ್ಲಿ ಹೆಸರು ಒಂದೇ ಇದೆಯೇ ಎಂದು ಮೊದಲೇ ನೋಡಿಕೊಂಡರೆ ಅರ್ಧ ಓಡಾಟ ಉಳಿಯುತ್ತದೆ. ಸಬ್ಸಿಡಿ ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳುವ ಮಧ್ಯವರ್ತಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.

ಖಾಸಗಿ ಕ್ಲಾಸಿಗೆ ಫೀ ಕಟ್ಟುವ ಮುನ್ನ ಒಮ್ಮೆ ಬಾಗಲಕೋಟೆಗೆ ಹೋಗಿ ಉಚಿತ ತರಬೇತಿಯ ಮುಂದಿನ ಬ್ಯಾಚ್ ಯಾವಾಗ ಎಂದು ಕೇಳಿ ಬರುವುದು ಒಳ್ಳೆಯದು. ಹೋಗಿಬರುವ ಖರ್ಚಿನ ಚಿಂತೆಯಿಲ್ಲ: 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಚಾರ್ಜ್ ಇಲ್ಲ.